ಕಾರಿನ ನೆತ್ತಿಗೆ ಶಾರ್ಕ್ ರೆಕ್ಕೆ, ಒಳಗೆ ಬರೀ ಗಾಳಿ

ಉಪಗ್ರಹದಿಂದ ನೇರ ಕಾರಿನ ಚಾವಣಿಗೆ ಇಳಿಯುವ ರೇಡಿಯೊ ಅಮೆರಿಕದಲ್ಲಿ ಎರಡು ದಶಕದ ಹಳೆಯ ಮಾತು. ನಮ್ಮಲ್ಲಿ ಅದು ಬೆಂಗಳೂರಿನವರೆಗೆ ಬಂತು, ಮನೆಯ ಕಿಟಕಿಯಲ್ಲಿ ಕೂತು ಹಾಡಿತು, ಕಾರು ಮಾತ್ರ ಹತ್ತಲಿಲ್ಲ. ಅಡ್ಡ ಬಂದದ್ದು ಆಕಾಶವೇನೂ ಅಲ್ಲ!

ಫೆಬ್ರವರಿಯಲ್ಲಿ ಗದಗ ಜಿಲ್ಲೆಯ ಮೆಣಸಗಿಯ ಎರೆಹೊಲಗಳಲ್ಲಿ ಕಡಲೆ ರಾಶಿ ನಡೆದಿರುತ್ತದೆ. ಮಷೀನಿನ ಗದ್ದಲ ಒಂದು ಕಡೆ, ಹೊಟ್ಟಿನ ಧೂಳು ಇನ್ನೊಂದು ಕಡೆ. ಎರಡನ್ನೂ ಮೀರಿಸಿ ಟ್ರ್ಯಾಕ್ಟರಿನ ಹಾಡು. ಮಡ್‌ಗಾರ್ಡಿನ ಮೇಲೆ ಸ್ಪೀಕರ್ ಡಬ್ಬಗಳು, ಸೀಟಿನ ಹಿಂದೆ ಆಂಪ್ಲಿಫೈಯರು, ಬ್ಯಾಟರಿಯಿಂದ ಎಳೆದ ದಪ್ಪನೆ ಕೆಂಪು ವೈರು. ಹಾಡು ಬರುತ್ತಿರುವುದು ಡ್ರೈವರನ ಅಂಗಿ ಜೇಬಿನ ಮೊಬೈಲಿನಿಂದ. ಮಲಪ್ರಭೆಯ ಆಚೆ ದಂಡೆಯವರಿಗೂ ಪುಕ್ಕಟೆ ಕೇಳಿಸುವಷ್ಟು ಜೋರು.

ಅಷ್ಟರಲ್ಲಿ ರೋಣದ ಕಡೆ ಹೊರಟ ಬಿಳಿ ಕಾರೊಂದು ಧೂಳೆಬ್ಬಿಸಿ ಹಾಯ್ದು ಹೋಗುತ್ತದೆ. ಅದರ ನೆತ್ತಿಯ ಮೇಲೆ, ಹಿಂದಿನ ಗಾಜಿಗೆ ತುಸು ಮುಂದೆ, ಕರ್ರಗೆ ಮಿಂಚುವ ಶಾರ್ಕ್ ರೆಕ್ಕೆ.

ಈ ರೆಕ್ಕೆ ಈಗ ಎಲ್ಲ ಊರಿನಲ್ಲೂ ಇದೆ. ಕಾರ್ ಡೆಕೋರೇಷನ್ ಅಂಗಡಿಗಳಲ್ಲಿ ಸೀಟ್ ಕವರ್, ಮ್ಯಾಟು, ದೇವರ ಮೂರ್ತಿಗಳ ಸಾಲಿನಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ತೂಗುಬಿದ್ದಿರುತ್ತದೆ. "ಇದನ್ನ ಹಚ್ಚಿದ್ರ ರೇಡಿಯೊ ಛಲೋ ಬರ್ತೈತೇನ್ರೀ?" ಎಂದು ಕೇಳಿದರೆ, ಸುಳ್ಳು ಹೇಳದ ಅಂಗಡಿಯವನಾದರೆ "ಇಲ್ರೀ, ಬರೀ ಶೋಕಿಗ್ರೀ" ಎಂದೇ ಹೇಳುತ್ತಾನೆ. ತಳದಲ್ಲಿ ಡಬಲ್ ಟೇಪ್ ಇರುತ್ತದೆ. ಕಾಗದ ಸುಲಿದು ಚಾವಣಿಗೆ ಒತ್ತಿದರೆ ಕೆಲಸ ಮುಗಿಯಿತು. ತಿರುಗಿಸಿ ನೋಡಿದರೆ ಒಳಗೆ ವೈರಿಲ್ಲ, ತಾಮ್ರವಿಲ್ಲ, ಏನೂ ಇಲ್ಲ. ಕಂಪನಿಯಿಂದಲೇ ಬಂದ ರೆಕ್ಕೆಗಳ ಮಾತು ಬೇರೆ. ಅವುಗಳೊಳಗೆ ಎಫ್‌ಎಂನದ್ದೋ ಜಿಪಿಎಸ್‌ನದ್ದೋ ಆ್ಯಂಟೆನಾ ಇರುತ್ತದೆ. ಅಂಟಿಸಿದ್ದು ಮಾತ್ರ ಬರೀ ಟೊಳ್ಳು.

ತಮಾಷೆಯೆಂದರೆ, ಈ ಆಕಾರ ಹುಟ್ಟಿದ್ದೇ ಕೆಲಸಕ್ಕಾಗಿ. 2000ರ ದಶಕದಲ್ಲಿ ಕಾರುಗಳಿಗೆ ಫೋನು, ಜಿಪಿಎಸ್, ಉಪಗ್ರಹ ರೇಡಿಯೊ ಒಟ್ಟೊಟ್ಟಿಗೆ ಬಂದಾಗ ಒಂದೊಂದಕ್ಕೂ ಒಂದೊಂದು ಕಡ್ಡಿ ನೆಡುವ ಬದಲು ಎಲ್ಲವನ್ನೂ ಒಂದೇ ಗೂಡಿನಲ್ಲಿ ಅಡಗಿಸಿದರು. ಅಮೆರಿಕದ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳ ರೆಕ್ಕೆಯೊಳಗೆ ಇಂದಿಗೂ ಉಪಗ್ರಹ ರೇಡಿಯೊದ ಆ್ಯಂಟೆನಾ ಇದೆ. ರೋಣದ ರಸ್ತೆಗೆ ಬಂದದ್ದು ಗೂಡು ಮಾತ್ರ.

ಫೆಬ್ರವರಿ 13 ವಿಶ್ವ ರೇಡಿಯೊ ದಿನ. 1946ರಲ್ಲಿ ವಿಶ್ವಸಂಸ್ಥೆಯ ರೇಡಿಯೊ ಶುರುವಾದ ದಿನವದು. ಹಳೆಯ ಮರ್ಫಿ ಸೆಟ್ಟುಗಳ ನೆನಪಿನಲ್ಲಿ ಆ ದಿನ ಕಳೆದುಹೋಗುತ್ತದೆ. ಈ ಸಲ ಕಾರಿಗೆ ಬರದೇ ಹೋದ ರೇಡಿಯೊದ ಕಥೆಯನ್ನೂ ಕೇಳಬಹುದು. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಶನಿವಾರದ ಗ್ಯಾರೇಜು

ಮೊದಲು ಅದು ಕೆಲಸ ಮಾಡಿದ ಕಡೆ ಹೋಗೋಣ. ಅಮೆರಿಕದಲ್ಲಿ ಎಕ್ಸ್‌ಎಂ ಎಂಬ ಕಂಪನಿ 2001ರ ಸೆಪ್ಟೆಂಬರಿನಲ್ಲಿ, ಸಿರಿಯಸ್ ಎಂಬುದು 2002ರಲ್ಲಿ ಉಪಗ್ರಹ ರೇಡಿಯೊ ಆರಂಭಿಸಿದವು. ಎಕ್ಸ್‌ಎಂ ತನ್ನ ಮೊದಲ ಎರಡು ಉಪಗ್ರಹಗಳಿಗೆ 'ರಾಕ್' ಮತ್ತು 'ರೋಲ್' ಎಂದೇ ಹೆಸರಿಟ್ಟಿತ್ತು. ತಿಂಗಳ ಚಂದಾ ಕಟ್ಟಿದರೆ ನೂರಕ್ಕೂ ಹೆಚ್ಚು ಚಾನೆಲ್. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯದವರೆಗೆ ಕಾರು ಓಡಿಸಿದರೂ ಸ್ಟೇಷನ್ ಬದಲಿಸಬೇಕಿಲ್ಲ.

ಅದೇ ಹೊತ್ತಿನಲ್ಲಿ ಐಟಿ ಕೆಲಸ ಹಿಡಿದು ನ್ಯೂಜೆರ್ಸಿ, ಡಲ್ಲಾಸ್, ಸ್ಯಾನ್ ಹೋಸೆ ಸೇರಿದ ಕನ್ನಡ ಕುಟುಂಬಗಳು ಮೊದಲು ಕೊಂಡದ್ದು ಹಳೆಯ ಕಾರು. ಅದರಲ್ಲಿ ಇಂಥ ಸೌಕರ್ಯ ಎಲ್ಲಿಂದ ಬರಬೇಕು? ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕಿಟ್ ತಂದು ಶನಿವಾರ ಗ್ಯಾರೇಜಿನಲ್ಲಿ ತಾವೇ ಕೂರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಮೆಕ್ಯಾನಿಕ್ ಕೂಲಿ ಅಲ್ಲಿ ರೇಡಿಯೊಗಿಂತ ದುಬಾರಿ ಬೀಳುವುದುಂಟು.

ಡಬ್ಬದಲ್ಲಿ ಇರುತ್ತಿದ್ದದ್ದು ನಾಲ್ಕೇ ಸಾಮಾನು. ಅಂಗೈಯಗಲದ ರಿಸೀವರ್, ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸುವ ತೊಟ್ಟಿಲು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪವರ್ ವೈರು, ಕೊನೆಗೆ ಬೆಂಕಿಪೊಟ್ಟಣದಷ್ಟೇ ಇರುವ ಕರಿ ಆ್ಯಂಟೆನಾ. ಆ್ಯಂಟೆನಾದ ತಳದಲ್ಲಿ ಅಯಸ್ಕಾಂತ, ಬಾಲಕ್ಕೆ ಸುಮಾರು 20 ಅಡಿ ತೆಳು ಕೇಬಲ್.

ಇಡೀ ಕೆಲಸದ ಮರ್ಮ ಆ ಪುಟ್ಟ ಆ್ಯಂಟೆನಾದಲ್ಲಿದೆ. ಎಫ್‌ಎಂ ಕಡ್ಡಿಗೆ ಅಲೆಗಳು ದೂರದ ಗೋಪುರದಿಂದ, ಹೆಚ್ಚುಕಡಿಮೆ ನೆಲದ ಮಟ್ಟದಲ್ಲಿ ಬರುತ್ತವೆ. ಉಪಗ್ರಹದವು ಮೇಲಿನಿಂದ ಇಳಿಯುತ್ತವೆ. ಭೂಸ್ಥಿರ ಉಪಗ್ರಹವಿರುವುದು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ಸಿಗ್ನಲ್ ಕಾರು ಮುಟ್ಟುವ ಹೊತ್ತಿಗೆ ಬಡಕಲಾಗಿರುತ್ತದೆ. ಅದಕ್ಕೇ ಆ್ಯಂಟೆನಾದ ಹೊಟ್ಟೆಯಲ್ಲೇ ಒಂದು ಸಣ್ಣ ಆಂಪ್ಲಿಫೈಯರ್ ಕೂರಿಸಿರುತ್ತಾರೆ. ಅದಕ್ಕೆ ಬೇಕಾದ ಕರೆಂಟೂ ಅದೇ ಕೇಬಲ್ಲಿನಲ್ಲಿ ಮೇಲೇರುತ್ತದೆ. ಅಲೆಗಳು ಸುತ್ತುತ್ತಾ ಬರುವಂತೆ ಕಳಿಸುವುದರಿಂದ ಕಾರು ಯಾವ ದಿಕ್ಕಿಗೆ ಹೊರಳಿದರೂ ಚಿಂತೆಯಿಲ್ಲ.

ಚಾವಣಿಯ ತಗಡಿಗೂ ಇಲ್ಲಿ ಕೆಲಸವಿದೆ. ಆ್ಯಂಟೆನಾದ ಸುತ್ತ ಒಂದಿಷ್ಟು ಲೋಹದ ಬಯಲು ಇದ್ದರೆ ಅದರ ಹಿಡಿತ ಹೆಚ್ಚುತ್ತದೆ. ಹಾಗಾಗಿ ಅಂಚಿಗೆ ತೀರಾ ಒತ್ತಿ ಇಡಬಾರದು. ಚಾವಣಿಯ ಮೇಲೆ, ಮುಂದಿನ ಗಾಜಿನ ಕಡೆಗೋ ಹಿಂದಿನ ಗಾಜಿನ ಕಡೆಗೋ, ಅಂಚಿನಿಂದ ಕೆಲವು ಬೆರಳು ಒಳಗೆ, ನಡುವಿಗೆ. ಲಗೇಜ್ ಕ್ಯಾರಿಯರ್ ಪಕ್ಕ ಇಟ್ಟವರಿಗೆ ಕಾರು ತಿರುಗಿದಾಗೆಲ್ಲ ಹಾಡು ಕಡಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೇ ಇಟ್ಟುಕೊಂಡ ಸೋಮಾರಿಗಳೂ ಇದ್ದರು. ಮುಂದಿನ ಅರ್ಧ ಆಕಾಶವಷ್ಟೇ ಅವರ ಪಾಲು.

ನಂತರ ಕೇಬಲ್. ಬೆವರು ಇಳಿಸುವುದು ಇದೇ. ಹಿಂದಿನ ಗಾಜಿನ ರಬ್ಬರ್ ಬೀಡಿಂಗನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎತ್ತಿ, ಕೇಬಲನ್ನು ಅದರಡಿ ಒತ್ತುತ್ತಾ ಡಿಕ್ಕಿಯ ಅಂಚಿಗೆ ತರಬೇಕು. ಒಳಗೆ ಬರುವ ಜಾಗದಲ್ಲಿ ಒಂದು ಸಣ್ಣ ಇಳಿಬಾಗು ಬಿಡಬೇಕು. ಬಿಡದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡೇ ಒಳಗೆ ಇಳಿಯುತ್ತದೆ. ಅಲ್ಲಿಂದ ಹಿಂದಿನ ಸೀಟಿನ ಬದಿ, ಬಾಗಿಲ ಕೆಳಗಿನ ಪಟ್ಟಿ ಎಬ್ಬಿಸಿ ಅದರೊಳಗೆ, ಮುಂದೆ ಡ್ಯಾಶ್‌ಬೋರ್ಡಿನ ಅಡಿಗೆ. ಮುಂಭಾಗದ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ಕೇಬಲ್ ಅಡ್ಡ ಹಾಯಿಸುವಂತಿಲ್ಲ. ಅಪಘಾತದಲ್ಲಿ ಚೀಲ ಉಬ್ಬುವಾಗ ವೈರು ಅಡ್ಡ ಸಿಕ್ಕರೆ ಕಾಯುವುದೇ ಕೊಲ್ಲಲು ಬರುತ್ತದೆ. ಉಳಿದ ಕೇಬಲ್ಲನ್ನು ಕತ್ತರಿಸಬಾರದು, ಅಗಲವಾಗಿ ಸುತ್ತಿ ಸೀಟಿನಡಿ ಕಟ್ಟಬೇಕು. ಒಳತಂತಿಯ ಸುತ್ತ ಜಾಳಿಗೆ ಇರುವ ಕೇಬಲ್ ಅದು. ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿದರೆ ಸಿಗ್ನಲ್ ಅಲ್ಲೇ ಸತ್ತಿತು.

ಇನ್ನು ಧ್ವನಿಯನ್ನು ಕಾರಿನ ಸ್ಟೀರಿಯೊಗೆ ಸೇರಿಸುವುದು. ಆಕ್ಸ್ ತೂತು ಇದ್ದರೆ ಒಂದು ವೈರು ಸಾಕು. ಇಲ್ಲದ ಕಾರಿನಲ್ಲಿ ಟೇಪ್ ಇದ್ದರೆ ವೈರು ಕಟ್ಟಿದ ಖಾಲಿ ಕ್ಯಾಸೆಟ್ ತುರುಕುತ್ತಿದ್ದರು. ಎರಡೂ ಇಲ್ಲವೆಂದರೆ ರಿಸೀವರೇ ಪುಟಾಣಿ ಎಫ್‌ಎಂ ಸ್ಟೇಷನ್ ಆಗಿ ಪ್ರಸಾರ ಮಾಡುತ್ತಿತ್ತು. ಖಾಲಿ ಇರುವ ಯಾವುದೋ ನಂಬರಿಗೆ ಸ್ಟೀರಿಯೊ ತಿರುಗಿಸಿ ಕೇಳಬೇಕು. ಇದು ಅತಿಯಾಗಿ ಪಕ್ಕದ ಕಾರಿನವರ ಎಫ್‌ಎಂನಲ್ಲೂ ನಿಮ್ಮ ಹಾಡು ಕೇಳುವಂತಾಗಿ, 2006ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಎರಡೂ ಕಂಪನಿಗಳ ರಿಸೀವರುಗಳ ಶಕ್ತಿ ಮಿತಿ ಮೀರಿದೆ ಎಂದು ತಕರಾರು ತೆಗೆಯಿತು.

ಎಲ್ಲ ಮುಗಿದ ಮೇಲೂ ಹಾಡು ಬರುತ್ತಿರಲಿಲ್ಲ. ಕಾರನ್ನು ಗ್ಯಾರೇಜಿನಿಂದ ಬಯಲಿಗೆ ತಂದು, ರೇಡಿಯೊ ಹಚ್ಚಿಟ್ಟು, ಕಂಪನಿಗೆ ಫೋನ್ ಮಾಡಿ ಸೆಟ್ಟಿನ ನಂಬರ್ ಹೇಳಬೇಕು. ಬೀಗ ತೆಗೆಯುವ ಆಜ್ಞೆಯೂ ಉಪಗ್ರಹದಿಂದಲೇ ಇಳಿಯಬೇಕು. ಚಾವಣಿಯಡಿ ನಿಂತ ಕಾರಿಗೆ ಅದು ಮುಟ್ಟದು.

ಸೇತುವೆಯಡಿ ಹಾಡು ನಿಲ್ಲದ್ದು ಹೇಗೆ?

*ಉಪಗ್ರಹ ಕಾಣದಿದ್ದರೆ ಸಿಗ್ನಲ್ ಇಲ್ಲ. ಆದರೂ ಸೇತುವೆಯಡಿ ಹಾಯುವಾಗ ಅಮೆರಿಕದ ಸೆಟ್ಟುಗಳು ಸುಮ್ಮನಾಗುತ್ತಿರಲಿಲ್ಲ. ಒಂದೇ ಕಾರ್ಯಕ್ರಮವನ್ನು ಸುಮಾರು ನಾಲ್ಕು ಸೆಕೆಂಡ್ ಅಂತರದಲ್ಲಿ ಎರಡು ಸಲ ಕಳಿಸುತ್ತಾರೆ. ಒಂದು ತಪ್ಪಿದರೆ ಇನ್ನೊಂದರಿಂದ ಸೆಟ್ಟು ತುಂಬಿಕೊಳ್ಳುತ್ತದೆ.*

*ಗಗನಚುಂಬಿಗಳ ನಡುವೆ ನಾಲ್ಕು ಸೆಕೆಂಡು ಸಾಲದು. ಅಲ್ಲಿ ಕಟ್ಟಡಗಳ ಮೇಲೆ ರಿಪೀಟರ್ ಇಟ್ಟು, ಅದೇ ಸಿಗ್ನಲನ್ನು ನೆಲದಿಂದ ಮತ್ತೆ ಬಿತ್ತರಿಸುತ್ತಾರೆ. ಈ 'ರಿಪೀಟರ್' ಎಂಬ ಪದ ನೆನಪಿರಲಿ. ಭಾರತದ ಕಥೆ ಮುಗ್ಗರಿಸಿದ್ದು ಇಲ್ಲಿಯೇ.*

ಒಂದೇ ರಾಕೆಟ್ಟು, ಎರಡು ಸವಾರಿ

ವಾಸ್ತವದಲ್ಲಿ ಉಪಗ್ರಹ ರೇಡಿಯೊ ಅಮೆರಿಕಕ್ಕಿಂತ ಮೊದಲು ಹುಟ್ಟಿದ್ದು ಬಡ ದೇಶಗಳ ಹೆಸರಿನಲ್ಲಿ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ನೋವಾ ಸಮಾರಾ 1990ರಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಕಂಪನಿ ಕಟ್ಟಿದರು. ಆಫ್ರಿಕದಲ್ಲಿ ಏಡ್ಸ್ ಹರಡುತ್ತಿದ್ದ ಕಾಲವದು. ಪತ್ರಿಕೆ, ಟಿವಿ ಮುಟ್ಟದ ಊರುಗಳಿಗೆ ಆಕಾಶದಿಂದಲೇ ಮಾಹಿತಿ ತಲುಪಿಸಬೇಕೆಂಬುದು ಅವರ ಹಂಬಲ. 1998ರ ಅಕ್ಟೋಬರ್ 28ರಂದು ಆಫ್ರಿಕಕ್ಕಾಗಿ 'ಆಫ್ರಿಸ್ಟಾರ್' ಮೇಲೇರಿತು.

ಏಷ್ಯಾಕ್ಕಾಗಿ ಸಿದ್ಧವಾದ 'ಏಷ್ಯಾಸ್ಟಾರ್' ಹೊರಟದ್ದು 2000ರ ಮಾರ್ಚ್ 21ರ ರಾತ್ರಿ, ಫ್ರೆಂಚ್ ಗಯಾನಾದ ಕೌರೂವಿನಿಂದ. ನಮ್ಮಲ್ಲಿ ಆಗಲೇ 22ರ ಬೆಳಗಿನ ಜಾವ. ಆ ಏರಿಯಾನ್-5 ರಾಕೆಟ್ಟಿನಲ್ಲಿ ಅದರ ಜೊತೆಗಾರನಾಗಿ ಕೂತಿದ್ದದ್ದು ಇಸ್ರೊದ ಇನ್‌ಸ್ಯಾಟ್-3ಬಿ. ಬೆಂಗಳೂರಿನಲ್ಲಿ ಕಟ್ಟಿದ, ಹಾಸನದಿಂದ ನಿಯಂತ್ರಣಗೊಂಡ ಉಪಗ್ರಹ. ಅಕ್ಕಪಕ್ಕದ ಸೀಟಿನಲ್ಲಿ ಹೋದ ಇಬ್ಬರಿಗೂ ಆಮೇಲೆ ಬೆಂಗಳೂರೇ ಬಳಕೆಯ ಊರಾಯಿತು. ವರ್ಲ್ಡ್‌ಸ್ಪೇಸ್‌ನ ಭಾರತದ ಕಾರ್ಯಾಲಯ ಅಲ್ಲೇ ನೆಲೆಯಾಯಿತು.

ಸೆಟ್ಟುಗಳನ್ನು ಮೊದಲಿಗೆ ಹಿಟಾಚಿ, ಪ್ಯಾನಸಾನಿಕ್, ಜೆವಿಸಿ, ಸ್ಯಾನ್ಯೊ ಮಾಡಿದವು. ಬಿಪಿಎಲ್ 'ಸೆಲೆಸ್ಟ್' ಎಂಬ ಹೆಸರಿನಲ್ಲಿ ಮಾರಿತು. ಕನ್ನಡಕ್ಕೆ 'ಸ್ಪರ್ಶ' ಎಂಬ ಚಾನೆಲ್. ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದೂಸ್ತಾನಿಗೆ 'ಗಂಧರ್ವ್'. ಜಾಹೀರಾತಿನ ಕಿರಿಕಿರಿಯಿಲ್ಲದ ಸಂಗೀತ. ಜೊತೆಗೆ ಬಿಬಿಸಿ, ಸಿಎನ್‌ಎನ್. ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ 2001ರ ಜುಲೈ 3ರಂದಷ್ಟೇ ಶುರುವಾಗಿತ್ತು, ಅದಕ್ಕೆ ಸ್ವಂತ ಸುದ್ದಿ ಓದುವ ಹಕ್ಕು ಕೊಟ್ಟಿರಲಿಲ್ಲ. ಎ.ಆರ್. ರೆಹಮಾನ್ ರಾಯಭಾರಿಯಾಗಿ ಬಂದರು. 2005ರ ಆಗಸ್ಟಿನಲ್ಲಿ ಕಂಪನಿ ನ್ಯೂಯಾರ್ಕಿನ ನಾಸ್ಡಾಕ್‌ನಲ್ಲಿ 21 ಡಾಲರಿಗೊಂದರಂತೆ ಷೇರು ಮಾರಿತು.

ಗದಗ ಸೀಮೆಯವರಿಗೆ 'ಗಂಧರ್ವ್' ಎಂಬ ಚಾನೆಲ್ಲಿನ ಸುದ್ದಿ ಬಂದಾಗ ಭೀಮಸೇನ ಜೋಶಿಯವರ ನೆನಪಾಗದೆ ಇರದು. 1922ರ ಫೆಬ್ರವರಿ 4ರಂದು ಹುಟ್ಟಿದ ಜೋಶಿ ರೋಣದ ಮಗ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯ ದನಿಗೆ ಮರುಳಾಗಿ, ಗುರುವನ್ನು ಹುಡುಕಿಕೊಂಡು ಹನ್ನೊಂದರ ಪ್ರಾಯದಲ್ಲಿ ಮನೆ ಬಿಟ್ಟು ಓಡಿದ ಹುಡುಗ. ಮುಂದೆ ಮುಂಬಯಿಯಲ್ಲಿ ರೇಡಿಯೊ ಕಲಾವಿದರಾಗಿ ಹಾಡಿದರು. ಅವರಿಗಿದ್ದ ಇನ್ನೊಂದು ಹುಚ್ಚು ಕಾರಿನದ್ದು. ದೂರದ ಕಛೇರಿಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು, ಕೆಟ್ಟರೆ ಬಾನೆಟ್ ಎತ್ತಿ ರಿಪೇರಿಯನ್ನೂ ಮಾಡಬಲ್ಲವರಾಗಿದ್ದರು. ಯಂತ್ರದೊಳಗಿನ ಹಾಡು, ರೇಡಿಯೊ, ಕಾರು – ಮೂರೂ ಒಬ್ಬರಲ್ಲೇ ಕೂಡಿದ್ದ ಊರಿಗೆ ಕಾರಿನ ಉಪಗ್ರಹ ರೇಡಿಯೊ ಮಾತ್ರ ಬರಲಿಲ್ಲ.

ಮೆಣಸಗಿಯಿಂದ ಎತ್ತ ನೋಡಬೇಕಿತ್ತು?

*ಏಷ್ಯಾಸ್ಟಾರ್ ನಿಂತಿದ್ದದ್ದು ಸಮಭಾಜಕ ವೃತ್ತದ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮೆಣಸಗಿಯಿಂದ ಲೆಕ್ಕ ಹಾಕಿದರೆ ಪೂರ್ವದಿಂದ ಆಗ್ನೇಯಕ್ಕೆ ವಾಲಿದಂತೆ, ಉತ್ತರದಿಂದ ಸುಮಾರು 116 ಡಿಗ್ರಿಯ ದಿಕ್ಕು. ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರ.*

*ಇಂದು ಊರಿನ ಮಾಳಿಗೆಗಳ ಮೇಲಿರುವ ಡಿಡಿ ಫ್ರೀ ಡಿಶ್‌ನ ಡಿಶ್ಶುಗಳು ನೋಡುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರ ಕಡೆ. ಅದು ಇನ್ನಷ್ಟು ದಕ್ಷಿಣಕ್ಕೆ, ಸುಮಾರು 62 ಡಿಗ್ರಿ ಎತ್ತರದಲ್ಲಿ.*

*ಟಿವಿಯ ಡಿಶ್ಶು ಬಳಸುವ ಕೆಯು ಬ್ಯಾಂಡ್ ಜೋರು ಮಳೆಯಲ್ಲಿ ಸೊರಗುತ್ತದೆ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ವರ್ಲ್ಡ್‌ಸ್ಪೇಸ್ ಬಳಸುತ್ತಿದ್ದದ್ದು ಎಲ್ ಬ್ಯಾಂಡ್, 1467ರಿಂದ 1492 ಮೆಗಾಹರ್ಟ್ಸ್. ಮಳೆಗೆ ಅದು ಜಗ್ಗದು. ಬೇವಿನ ಮರದ ಎಲೆಗೆ ಜಗ್ಗುತ್ತದೆ.*

ಕಿಟಕಿ ಬಿಟ್ಟು ಇಳಿಯದ ರೇಡಿಯೊ

ವರ್ಲ್ಡ್‌ಸ್ಪೇಸ್ ಸೆಟ್ಟಿನ ಆ್ಯಂಟೆನಾ ಅಮೆರಿಕದ ಬೆಂಕಿಪೊಟ್ಟಣದಂಥದ್ದಲ್ಲ. ಅಂಗೈಗಿಂತ ಹಿರಿದಾದ ಚಪ್ಪಟೆ ಫಲಕ. ಅದನ್ನು ಕಿಟಕಿಯಲ್ಲೋ ತಾರಸಿಯಲ್ಲೋ ಇಟ್ಟು, ಸೆಟ್ಟಿನ ಮೇಲಿನ ಸಿಗ್ನಲ್ ಪಟ್ಟಿ ನೋಡುತ್ತಾ ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸಿ, ಸರಿಯಾದ ಕೋನ ಸಿಕ್ಕಿದೊಡನೆ ಮುಟ್ಟದೆ ಬಿಡಬೇಕು. ಪೂರ್ವಕ್ಕೆ ಕಿಟಕಿಯಿಲ್ಲದ ಮನೆಯವರ ಪಾಡು ಕೇಳುವಂತಿರಲಿಲ್ಲ.

ಅಂಥ ಫಲಕವನ್ನು ಕಾರಿನ ಮೇಲೆ ಕಟ್ಟಿದರೆ ನಿಂತ ಕಾರಿನಲ್ಲಿ ಹಾಡು ಬಂದೀತು. ಮೊದಲ ತಿರುವಿನಲ್ಲೇ ಅದರ ಮುಖ ಉಪಗ್ರಹವನ್ನು ತಪ್ಪುತ್ತದೆ. ಎಲ್ಲ ದಿಕ್ಕಿಗೂ ಕಣ್ಣಿರುವ ಸಣ್ಣ ಆ್ಯಂಟೆನಾ ಹಾಕಿದರೆ ಅದರ ಹಿಡಿತ ಕಡಿಮೆ. ಬಯಲಿನಲ್ಲಿ ಹೇಗೋ ನಡೆದೀತು, ಎಂ.ಜಿ. ರಸ್ತೆಯ ಕಟ್ಟಡಗಳ ನಡುವೆ, ಮಲ್ಲೇಶ್ವರದ ಮರಗಳ ಕೆಳಗೆ ನಡೆಯದು. ಅಲ್ಲಿ ರಿಪೀಟರ್ ಬೇಕೇ ಬೇಕು.

ರಿಪೀಟರ್ ಎಂದರೆ ನೆಲದ ಮೇಲಿನ ಪ್ರಸಾರ. ನೆಲದ ಮೇಲಿನ ಪ್ರಸಾರವೆಂದರೆ ಸರ್ಕಾರದ ಪರವಾನಗಿ. ಉಪಗ್ರಹ ರೇಡಿಯೊ ಎಂಬ ಹೆಸರಿನಲ್ಲಿ ಇಲ್ಲಿ ನಿಯಮವೇ ಇರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2005ರಲ್ಲಿ ಶಿಫಾರಸು ಬರೆದು ಸರ್ಕಾರಕ್ಕೆ ಕೊಟ್ಟಿತು. ನೀತಿ ಬರುತ್ತದೆ ಬರುತ್ತದೆ ಎನ್ನುತ್ತಲೇ ವರ್ಷಗಳು ಉರುಳಿದವು. ಅಮೆರಿಕದಲ್ಲಿ ಜನರಲ್ ಮೋಟರ್ಸ್ ತಾನೇ ಎಕ್ಸ್‌ಎಂಗೆ ಹಣ ಹೂಡಿ, ಕಾರ್ಖಾನೆಯಲ್ಲೇ ರೇಡಿಯೊ ಕೂರಿಸಿ ಕಳಿಸುತ್ತಿತ್ತು. ಕಾರು ಕೊಂಡವನು ಚಂದಾದಾರನಾಗುತ್ತಿದ್ದ. ಇಲ್ಲಿ ವರ್ಲ್ಡ್‌ಸ್ಪೇಸ್ ಮನೆ ಮನೆಯ ಬಾಗಿಲು ತಟ್ಟಬೇಕಿತ್ತು, ಅದೂ ಹಾಡಿಗೆ ಕಾಸು ಕೊಡುವ ರೂಢಿಯೇ ಇಲ್ಲದ ನಾಡಿನಲ್ಲಿ. ಎಫ್‌ಎಂ ಪುಕ್ಕಟೆ, ಎಂಪಿ3 ಸಿ.ಡಿ.ಗಳು ಬೀದಿ ಬದಿಯಲ್ಲಿ. ಮನೆಯಲ್ಲಿ ಟಿವಿ ಇದ್ದವರು ರೇಡಿಯೊಗೆ ಚಂದಾ ಏಕೆ ಕಟ್ಟಬೇಕು? ರೇಡಿಯೊಗೆ ಎದುರಾಳಿಯಿಲ್ಲದ ಜಾಗವೆಂದರೆ ಕಾರೊಂದೇ. ಕಣ್ಣು ರಸ್ತೆಯ ಮೇಲೆ, ಕಿವಿ ಖಾಲಿ. ಕಂಪನಿಗೆ ಮುಚ್ಚಿದ್ದದ್ದು ಅದೇ ಬಾಗಿಲು.

ಇಟಲಿಯಲ್ಲಿ ಪರವಾನಗಿ ಪಡೆದು ಫಿಯಟ್ ಕಾರುಗಳಲ್ಲಿ ರೇಡಿಯೊ ಕೂರಿಸುವ ಒಪ್ಪಂದಕ್ಕೂ ಕಂಪನಿ ಕೈಹಾಕಿತ್ತು. ಸಾಲ ಅದಕ್ಕಿಂತ ವೇಗವಾಗಿ ಬೆಳೆಯಿತು. 2008ರ ಅಕ್ಟೋಬರ್ 17ರಂದು ವರ್ಲ್ಡ್‌ಸ್ಪೇಸ್ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಜಗತ್ತಿನಾದ್ಯಂತ ಅದಕ್ಕಿದ್ದ ಚಂದಾದಾರರು ಸುಮಾರು 1.7 ಲಕ್ಷ, ಅವರಲ್ಲಿ ಬಹುಪಾಲು ಭಾರತದವರು. 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಸೇವೆ ನಿಂತಿತು. ಮುಂಗಡ ಚಂದಾ ಕಟ್ಟಿದ್ದವರ ಕೈಯಲ್ಲಿ ಉಳಿದದ್ದು ಬೇರಾವ ಕೆಲಸಕ್ಕೂ ಬಾರದ ಸೆಟ್ಟು ಮತ್ತು ಫಲಕ.

ಅದೇ 2008ರ ಜುಲೈನಲ್ಲಿ ಎಕ್ಸ್‌ಎಂ ಮತ್ತು ಸಿರಿಯಸ್ ಒಂದಾಗಿ ಉಸಿರು ಉಳಿಸಿಕೊಂಡವು. ಇಂದು ಆ ಕೂಡು ಕಂಪನಿಗೆ 3 ಕೋಟಿಗೂ ಹೆಚ್ಚು ಚಂದಾದಾರರು.

ಎರಡನೆಯ ಸಲ, ಮತ್ತೆ ಬೆಂಗಳೂರು

ಕಾರಿಗೆ ಉಪಗ್ರಹದಿಂದ ಹಾಡು ಇಳಿಸುವ ಇನ್ನೊಂದು ಯೋಜನೆ ಅದೇ ಊರಿನಲ್ಲಿ ಬೆಳೆಯುತ್ತಿತ್ತು. ಓದುಗರಿಗೆ ಅದರ ಹೆಸರು ಗೊತ್ತು, ಆದರೆ ಬೇರೆ ಕಾರಣಕ್ಕೆ. ದೇವಾಸ್ ಮಲ್ಟಿಮೀಡಿಯಾ.

'ಡಿಜಿಟಲಿ ಎನ್‌ಹ್ಯಾನ್ಸ್ಡ್ ವಿಡಿಯೊ ಆ್ಯಂಡ್ ಆಡಿಯೊ ಸರ್ವಿಸಸ್' ಎಂಬುದರ ಚುಟುಕು ರೂಪ ಅದು. ಇಸ್ರೊದ ವ್ಯಾಪಾರ ಅಂಗವಾದ ಆಂಟ್ರಿಕ್ಸ್ ಜೊತೆ 2005ರ ಜನವರಿ 28ರಂದು ಒಪ್ಪಂದವಾಯಿತು. ಜಿಸ್ಯಾಟ್-6 ಮತ್ತು 6ಎ ಉಪಗ್ರಹಗಳ ಎಸ್ ಬ್ಯಾಂಡ್ ಸಾಮರ್ಥ್ಯ ಬಳಸಿ, ನೆಲದ ರಿಪೀಟರುಗಳ ನೆರವಿನೊಂದಿಗೆ, ಓಡುವ ವಾಹನಕ್ಕೆ ಮತ್ತು ಕೈಯಲ್ಲಿನ ಸಾಧನಕ್ಕೆ ಧ್ವನಿ, ಚಿತ್ರ ಕಳಿಸುವುದು ಅದರ ತಿರುಳು. ತಂತ್ರ ಹೊಸದೇನಲ್ಲ, ಜಪಾನಿನಲ್ಲಿ ಮೊಬಾಹೊ ಎಂಬ ಇಂಥದೇ ಸೇವೆ 2004ರಲ್ಲಿ ಶುರುವಾಗಿ 2009ರ ಮಾರ್ಚಿಗೆ ಮುಚ್ಚಿತ್ತು.

ದೇವಾಸ್ ಒಪ್ಪಂದವನ್ನು ಕೇಂದ್ರ ಸರ್ಕಾರ 2011ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ತರಂಗಾಂತರ ಕೊಟ್ಟ ರೀತಿಯ ಮೇಲೆ ದೊಡ್ಡ ವಿವಾದ, ವಿದೇಶಿ ಹೂಡಿಕೆದಾರರ ದಾವೆಗಳು, ಮಧ್ಯಸ್ಥಿಕೆ ತೀರ್ಪುಗಳು. ಕಂಪನಿ ವಂಚನೆಯಿಂದ ಕೂಡಿತ್ತೆಂದು ಅದನ್ನು ಮುಚ್ಚಿಸುವ ಆದೇಶವನ್ನು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಎತ್ತಿಹಿಡಿಯಿತು. ಉಪಗ್ರಹಗಳ ಪೈಕಿ ಜಿಸ್ಯಾಟ್-6 2015ರ ಆಗಸ್ಟಿನಲ್ಲಿ ಮೇಲೇರಿ, ಛತ್ರಿಯಂತೆ ಬಿಚ್ಚಿಕೊಳ್ಳುವ ಆರು ಮೀಟರ್ ಅಗಲದ ಆ್ಯಂಟೆನಾ ಅರಳಿಸಿತು. 2018ರ ಮಾರ್ಚ್ 29ರಂದು ಹೋದ 6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು.

ವಿವಾದದ ಗದ್ದಲದಲ್ಲಿ ಆ ಯೋಜನೆಯ ಹೊಟ್ಟೆಯಲ್ಲಿ ಕಾರು ಇತ್ತೆಂಬುದು ಎಲ್ಲರಿಗೂ ಮರೆತುಹೋಗಿದೆ. ಬೇಸರದ ಮಾತೆಂದರೆ, ಇದಕ್ಕೆ ಹೇಳಿ ಮಾಡಿಸಿದ ನೆಲ ರೋಣ–ನರಗುಂದ ಸೀಮೆಯಂಥದ್ದೇ. ಮೈಲುಗಟ್ಟಲೆ ಬಟ್ಟಬಯಲು. ಗುಡ್ಡ ಅಪರೂಪ, ದಟ್ಟ ಕಾಡಿಲ್ಲ, ಎತ್ತರದ ಕಟ್ಟಡವಿಲ್ಲ. ರಿಪೀಟರಿನ ಗೊಡವೆ ಬೇಕಿದ್ದದ್ದು ಬೆಂಗಳೂರಿಗೆ. ಹುಬ್ಬಳ್ಳಿ ಬಿಟ್ಟ ಮೇಲೆ ಎಫ್‌ಎಂ ಸೊರಗುತ್ತಾ ಬರುವ ಈ ದಾರಿಗಳಲ್ಲಿ ಉಪಗ್ರಹವನ್ನು ತಡೆಯುವುದು ಏನಿದೆ? ನಗರದ ಕಷ್ಟಕ್ಕೆ ಉತ್ತರ ಹುಡುಕುತ್ತಾ ಕೂತು ಬಯಲುಸೀಮೆಗೂ ಸಿಗದಂತಾಯಿತು.

ಮಾಳಿಗೆಯ ಮೇಲೆ ಇರುವುದು

ಹಾಗಂತ ಮೆಣಸಗಿಗೆ ಉಪಗ್ರಹ ರೇಡಿಯೊ ಬಂದೇ ಇಲ್ಲವೆನ್ನಲಾಗದು. 2004ರ ಡಿಸೆಂಬರಿನಲ್ಲಿ ದೂರದರ್ಶನ ಪುಕ್ಕಟೆ ಡಿಟಿಎಚ್ ಆರಂಭಿಸಿತು, ಅದೇ ಇಂದಿನ ಫ್ರೀ ಡಿಶ್. ಅದರಲ್ಲಿ ಟಿವಿ ಚಾನೆಲ್ಲುಗಳ ಜೊತೆಗೆ ಆಕಾಶವಾಣಿಯ ಹತ್ತಾರು ರೇಡಿಯೊ ಚಾನೆಲ್ಲುಗಳೂ ಇಳಿಯುತ್ತವೆ. 2016ರ ಜನವರಿ 26ರಿಂದ ಬೆಂಗಳೂರಿನಿಂದ ಹೊರಡುವ ಶಾಸ್ತ್ರೀಯ ಸಂಗೀತದ 'ರಾಗಂ' ಕೂಡ ಅವುಗಳಲ್ಲೊಂದು. 24 ಗಂಟೆ, ಚಂದಾ ಇಲ್ಲದೆ. ರಿಮೋಟಿನಲ್ಲಿ ರೇಡಿಯೊ ಬಟನ್ ಒತ್ತಿದರೆ ಕಪ್ಪು ಪರದೆಯಲ್ಲಿ ಹೆಸರು ಮೂಡಿ ಹಾಡು ಬರುತ್ತದೆ. ಆ ಬಟನ್ ಒತ್ತಿದವರು ಕಡಿಮೆ. ಧಾರಾವಾಹಿ ಬಿಟ್ಟು ಕಪ್ಪು ಪರದೆ ನೋಡುತ್ತಾ ಕೂರುವವರು ಯಾರು?

ಕಾರಿನಲ್ಲಾದರೆ ಎಎಂ ಇದೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಅದರ 765 ಕಿಲೊಹರ್ಟ್ಸ್‌ನ 200 ಕಿಲೊವಾಟ್ ಪ್ರಸಾರ ಗದಗ ಜಿಲ್ಲೆಯನ್ನು ದಾಟಿ ಹೋಗುತ್ತದೆ. ಸದ್ದು ಗರಗರ ಎನ್ನಬಹುದು, ಕರೆಂಟಿನ ತಂತಿಯಡಿ ಹಾಯುವಾಗ ಗೊರಗುಟ್ಟಬಹುದು. ಆದರೂ ಬರುತ್ತದೆ. ಬರದಂತೆ ಮಾಡಿಕೊಳ್ಳುವವರು ನಾವೇ: ಕಂಪನಿಯ ಉದ್ದ ಕಡ್ಡಿ ಬಿಚ್ಚಿ ಗಿಡ್ಡ ಕಡ್ಡಿ ತಿರುಪಿಸಿದರೆ ಮೊದಲು ಸಾಯುವುದು ಎಎಂ. ಟಚ್ ಸ್ಕ್ರೀನ್ ಸ್ಟೀರಿಯೊ ಹಾಕಿಸುವಾಗ ಕಡ್ಡಿಯ ಪಿನ್ನು ಹಿಂದಿನ ತೂತಿಗೆ ಪೂರ್ತಿ ಕೂತಿದೆಯೇ, ಬಾಡಿ ಅರ್ಥ್ ಸರಿಯಾಗಿದೆಯೇ ಎಂದು ಕೇಳುವ ಗಿರಾಕಿ ಅಪರೂಪ. ಕೇಳುವುದು ಸ್ಕ್ರೀನ್ ಎಷ್ಟು ಇಂಚು ಎಂದು.

ಇನ್ನು ಉಪಗ್ರಹದ ಆ್ಯಂಟೆನಾ. ಅದು ಕೂಡ ಕಾರು ಹತ್ತಿದೆ, ಹಾಡಿಗಾಗಿ ಅಲ್ಲ. ಎಐಎಸ್-140 ಎಂಬ ಕೇಂದ್ರದ ಮಾನದಂಡದಂತೆ 2019ರ ಜನವರಿ 1ರಿಂದ ಹೊಸ ಬಸ್ಸು, ಟ್ಯಾಕ್ಸಿಯಂಥ ಹಳದಿ ಬೋರ್ಡಿನ ಬಾಡಿಗೆ ವಾಹನಗಳಿಗೆ ಸ್ಥಾನ ತೋರಿಸುವ ಸಾಧನ, ತುರ್ತು ಬಟನ್ ಕಡ್ಡಾಯ. ಆ ಸಾಧನದೊಳಗೆ ಉಗುರಗಲದ ಸೆರಾಮಿಕ್ ಬಿಲ್ಲೆಯೊಂದಿದೆ. ಅದು ಕೇಳುವುದು 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಜಿಪಿಎಸ್ ಅಲೆಗಳನ್ನು. ವರ್ಲ್ಡ್‌ಸ್ಪೇಸ್ ಹಾಡುತ್ತಿದ್ದ ಕಂಪನಾಂಕಕ್ಕೆ ಇದು ಪಕ್ಕದ ಓಣಿ. ಬಿಲ್ಲೆ, ಅದರ ಬೆನ್ನಿಗೆ ಆಂಪ್ಲಿಫೈಯರ್, ತೆಳು ಕೇಬಲ್: ಸಾಮಾನೂ ಅದೇ ಜಾತಿಯದು.

ಹಾಗಾಗಿ ಡಲ್ಲಾಸಿನ ಗ್ಯಾರೇಜಿನ ನಿಯಮಗಳು ಗದಗದ ಅಂಗಡಿಗೂ ಸಲ್ಲುತ್ತವೆ. ಬಿಲ್ಲೆಯ ಮುಖ ಮೇಲಕ್ಕಿರಬೇಕು. ಮೇಲೆ ತಗಡು ಇರಬಾರದು. ಗಾಜು, ಪ್ಲಾಸ್ಟಿಕ್ ಪರವಾಗಿಲ್ಲ. ಲೋಹದ ಪದರವಿರುವ ಸನ್ ಫಿಲ್ಮ್ ಅಂಟಿಸಿದ ಗಾಜಿನ ಹಿಂದೆ ಇಟ್ಟರೆ ಕಾರು ರೋಣದಲ್ಲಿದ್ದರೂ ಮ್ಯಾಪಿನಲ್ಲಿ ಹೊಳೆಯೊಳಗೆ ತೋರಿಸೀತು. ಉಳಿದ ಕೇಬಲ್ ಕತ್ತರಿಸಬಾರದು, ಸುತ್ತಿ ಕಟ್ಟಬೇಕು. ಹಚ್ಚಿದ ಮೇಲೆ ವಾಹನವನ್ನು ಶೆಡ್ಡಿನಿಂದ ಬಯಲಿಗೆ ತಂದು, ಲೈಟು ಮಿನುಗುವುದು ನಿಲ್ಲುವವರೆಗೆ ಕೆಲವು ನಿಮಿಷ ಕಾಯಬೇಕು. ಆಮೇಲಷ್ಟೇ ದುಡ್ಡು ಕೊಡಬೇಕು.